ಒಪ್ಪಿಸಿಕೊಟ್ಟ ಅಧಿಕಾರ: ವಯಸ್ಕರ ಸಮ್ಮತಿಯ ಶಿಸ್ತುಸಂಬಂಧಗಳಲ್ಲಿ ನಂಬಿಕೆ ಮತ್ತು ವಿಧಿ

ಇಬ್ಬರು ವಯಸ್ಕರು ಸ್ವಇಚ್ಛೆಯಿಂದ ಕೂಡಿ, ತಮ್ಮಲ್ಲಿ ಒಬ್ಬರು ಆಜ್ಞೆ ಮಾಡುವುದನ್ನೂ ಇನ್ನೊಬ್ಬರು ಅದರಂತೆ ನಡೆಯುವುದನ್ನೂ ಮೊದಲೇ ಮಾತಾಡಿ ಗೊತ್ತುಮಾಡಿಕೊಂಡು ನಡೆಸುವ ಆಪ್ತಸಂಬಂಧವನ್ನು ಆಧಿಪತ್ಯ–ಅಧೀನತೆಯ ಸಂಬಂಧವೆನ್ನಬಹುದು; ಅದಕ್ಕೆ ದಿನಚರಿಯ ನಿಯಮಗಳು, ನಿಯಮ ತಪ್ಪಿದಾಗಿನ ದಂಡನೆ, ದಂಡನೆಯ ನಂತರದ ಸಮಾಧಾನ ಇವು ಕೂಡಿಕೊಂಡರೆ ಅದು ಶಿಸ್ತುಸಂಬಂಧವಾಗುತ್ತದೆ. ಇಂದು ನಗರಗಳಲ್ಲಿ ಬಳಕೆಯಲ್ಲಿರುವ ಬಿಡಿಎಸ್‌ಎಂ ಎಂಬ ಅಕ್ಷರಗುಚ್ಛದಲ್ಲಿ ಬಂಧನ, ಶಿಸ್ತು, ಆಧಿಪತ್ಯ, ಅಧೀನತೆ, ನೋವು ಕೊಡುವ ಮತ್ತು ಪಡೆಯುವ ಸುಖ ಇವೆಲ್ಲವೂ ಅಡಕವಾಗಿವೆ. ಹೊರಗಿನಿಂದ ನೋಡಿದವರಿಗೆ ಈ ಸಂಬಂಧಕ್ಕೂ ಮನೆಯೊಳಗಿನ ದೌರ್ಜನ್ಯಕ್ಕೂ ಇರುವ ಅಂತರ ಸುಲಭವಾಗಿ ಕಾಣುವುದಿಲ್ಲ, ಏಕೆಂದರೆ ಎರಡರಲ್ಲೂ ಒಬ್ಬರು ಮಂಡಿಯೂರಿರುತ್ತಾರೆ, ಎರಡರಲ್ಲೂ ಇನ್ನೊಬ್ಬರ ಕೈ ಮೇಲಾಗಿರುತ್ತದೆ. ನೋವಿನ ಪ್ರಮಾಣವನ್ನು ಅಳೆದು ಈ ಅಂತರವನ್ನು ಗುರುತಿಸಲು ಬರುವುದಿಲ್ಲ. ಅಧಿಕಾರ ಯಾರಿಂದ ಬಂತು, ಕೊಟ್ಟವರು ಅದನ್ನು ಯಾವ ಗಳಿಗೆಯಲ್ಲಾದರೂ ಮರಳಿ ಪಡೆಯಬಲ್ಲರೆ, ಹಾಗೆ ಪಡೆದ ಮೇಲೂ ಅವರ ಅನ್ನ, ಆಸರೆ, ಮಾನ ಉಳಿಯುತ್ತವೆಯೆ ಎಂದು ವಿಚಾರಿಸಬೇಕಾಗುತ್ತದೆ. ಈ ಬರಹದ ವಿಷಯ ಇಷ್ಟೇ, ಮತ್ತು ಅದಕ್ಕೆ ಬೇಕಾದ ಸಾಮಗ್ರಿ ದೂರದ ದೇಶಗಳಲ್ಲಿರುವಷ್ಟೇ ಕೃಷ್ಣೆ ಘಟಪ್ರಭೆಗಳ ನಡುವಿನ ಈ ಸೀಮೆಯಲ್ಲೂ, ಕನ್ನಡದ ಹಳೆಯ ಕಾವ್ಯಗಳಲ್ಲೂ ಇದೆ.

ಶರೀರವನ್ನು ಇನ್ನೊಬ್ಬರ ಆಜ್ಞೆಗೆ ಒಪ್ಪಿಸುವುದು ಈ ಸೀಮೆಯವರಿಗೆ ಹೊಸದಲ್ಲ. ಜಮಖಂಡಿ, ಮುಧೋಳ, ಬನಹಟ್ಟಿಯ ಕಡೆಯ ಗರಡಿಮನೆಗಳಲ್ಲಿ ಬೆಳೆದ ಪೈಲವಾನನೂ ವಸ್ತಾದನ, ಅಂದರೆ ಗರಡಿಯ ಗುರುವಿನ, ಮಾತನ್ನು ಮೀರುವುದಿಲ್ಲ. ಹನುಮಪ್ಪನಿಗೆ ಕೈಮುಗಿದು, ಕೆಮ್ಮಣ್ಣನ್ನು ಹಣೆಗೆ ಹಚ್ಚಿಕೊಂಡು, ವಸ್ತಾದನ ಪಾದ ಮುಟ್ಟಿ ಕಣಕ್ಕಿಳಿದವನು ಏನು ಉಣ್ಣಬೇಕು, ಎಷ್ಟು ಹೊತ್ತಿಗೆ ಏಳಬೇಕು ಎಂಬುದನ್ನೂ ಅವನ ಕೈಗೆ ಕೊಟ್ಟಿರುತ್ತಾನೆ. ಅಲ್ಲಿ ಬ್ರಹ್ಮಚರ್ಯವೇ ವ್ರತವಾದ್ದರಿಂದ ಗರಡಿಯ ಶಿಸ್ತಿಗೂ ಕಾಮಕ್ಕೂ ನಂಟಿಲ್ಲ, ಹೋಲಿಕೆ ವಿಧಿಯ ಮಟ್ಟಿಗೆ ಮಾತ್ರ ನಿಲ್ಲಬೇಕು. ಆದರೆ ವಿಧಿಯ ಮಟ್ಟಿಗೆ ಅದು ಗಟ್ಟಿಯಾದ ಹೋಲಿಕೆ: ಕಣಕ್ಕೆ ಅಂಚಿದೆ, ಆಟಕ್ಕೆ ಆರಂಭವನ್ನೂ ಮುಕ್ತಾಯವನ್ನೂ ಸಾರುವ ಕ್ರಿಯೆಗಳಿವೆ, ಕಣದೊಳಗೆ ಮೈಮೇಲೆ ಬಿದ್ದವನು ಹೊರಗೆ ಬಂದ ಮೇಲೆ ಅದೇ ಎದುರಾಳಿಯ ಮೈಗೆ ಎಣ್ಣೆ ತಿಕ್ಕುತ್ತಾನೆ, ಬೇಡವೆನಿಸಿದ ಪೈಲವಾನ ಗರಡಿ ಬಿಟ್ಟು ಹೊಲಕ್ಕೋ ಮಗ್ಗಕ್ಕೋ ಮರಳಿದರೆ ಅವನನ್ನು ಕಟ್ಟಿಹಾಕುವ ಅಧಿಕಾರ ಯಾವ ವಸ್ತಾದನಿಗೂ ಇಲ್ಲ. ಇದಕ್ಕೆ ಎದುರಾಗಿ ಜೀತವನ್ನು ಇಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಮುಂಗಡ ಹಣ ಪಡೆದು ತಾನೇ ಹೆಬ್ಬೆಟ್ಟು ಒತ್ತಿ ಜೀತಕ್ಕೆ ನಿಂತವನೂ ಒಂದರ್ಥದಲ್ಲಿ ಒಪ್ಪಿಯೇ ನಿಂತವನು, ಆದರೆ ಹೊರಬರುವ ಬಾಗಿಲು ಅವನ ಕೈಯಲ್ಲಿ ಇರಲಿಲ್ಲವೆಂದೇ 1976ರ ಜೀತಪದ್ಧತಿ ರದ್ದತಿ ಕಾಯ್ದೆ ಆ ಒಪ್ಪಿಗೆಗೆ ಬೆಲೆ ಕೊಡಲಿಲ್ಲ.

ಕಾಮದ ನೆಲೆಯಲ್ಲಿ ಪ್ರಹಾರವನ್ನೂ ನೋವನ್ನೂ ಶಾಸ್ತ್ರವಾಗಿ ವಿವೇಚಿಸಿದ ಭಾರತೀಯ ಗ್ರಂಥಗಳಲ್ಲಿ ವಾತ್ಸ್ಯಾಯನನ ಕಾಮಸೂತ್ರವೇ ಮುಖ್ಯವಾದುದು, ಮತ್ತು ಆ ವಿವೇಚನೆಯ ನಡುವೆ ಕನ್ನಡನಾಡಿನ ಹೆಸರೊಂದು ಬರುತ್ತದೆ ಎಂಬುದು ಇಲ್ಲಿನ ಓದುಗರಿಗೆ ಗಮನಾರ್ಹವಾಗಬೇಕು. ಗ್ರಂಥದ ಎರಡನೆಯ ಅಧಿಕರಣದ ಏಳನೆಯ ಅಧ್ಯಾಯ ಪ್ರಹಣನ, ಅಂದರೆ ಕೂಟದ ಸಮಯದ ಹೊಡೆತ, ಮತ್ತು ಸೀತ್ಕಾರ, ಅಂದರೆ ಆ ಹೊಡೆತಕ್ಕೆ ಬಾಯಿಂದ ಹೊರಡುವ ಉದ್ಗಾರ, ಇವೆರಡಕ್ಕೆ ಮೀಸಲಾಗಿದೆ. ಅಂಗೈ, ಹಿಂಗೈ, ಮುಷ್ಟಿ, ಹೆಡೆಯಂತೆ ಬಾಗಿಸಿದ ಕೈ ಎಂದು ಹೊಡೆತದ ಬಗೆಗಳನ್ನು ಹೇಳಿದ ಮೇಲೆ, ದಾಕ್ಷಿಣಾತ್ಯರಲ್ಲಿ ಇನ್ನೂ ಕಠೋರವಾದ ನಾಲ್ಕು ಬಗೆಗಳು ಬಳಕೆಯಲ್ಲಿವೆ ಎಂದು ವಾತ್ಸ್ಯಾಯನ ದಾಖಲಿಸುತ್ತಾನೆ. ಕೂಡಲೇ ಅವು ಕಷ್ಟಕರವೂ ಅನಾರ್ಯವೂ ಆದುವೆಂದು ತಳ್ಳಿಹಾಕಿ, ಒಂದು ನಾಡಿನ ರೂಢಿಯನ್ನು ಇನ್ನೊಂದು ನಾಡಿಗೆ ಒಯ್ಯಬಾರದೆಂದೂ ಅಪಾಯಕರವಾದುದನ್ನು ರೂಢಿಯಿದ್ದಲ್ಲಿಯೂ ಬಿಡಬೇಕೆಂದೂ ವಿಧಿಸುತ್ತಾನೆ. ಅದಕ್ಕೆ ಅವನು ಕೊಡುವ ನಿದರ್ಶನಗಳಲ್ಲಿ ಒಂದು ಕುಂತಲದ ದೊರೆ ಶಾತಕರ್ಣಿ ಶಾತವಾಹನನದು. ಕರ್ತರಿ ಎಂಬ ಹೊಡೆತದಿಂದ ಅವನು ತನ್ನ ಮಹಾದೇವಿ ಮಲಯವತಿಯನ್ನು ಕೊಂದನು. ಕುಂತಲವೆಂದರೆ ಮುಂದೆ ಕಲ್ಯಾಣದ ಚಾಲುಕ್ಯರು ಆಳಿದ ನಾಡು, ಈ ಕೃಷ್ಣಾತೀರವನ್ನೂ ಒಳಗೊಂಡ ನಾಡು. ಚೋಳರಾಜನೊಬ್ಬ ಚಿತ್ರಸೇನೆಯೆಂಬ ಗಣಿಕೆಯನ್ನು ಕೊಂದದ್ದು, ಪಾಂಡ್ಯನ ಸೇನಾಪತಿ ನಟಿಯೊಬ್ಬಳ ಕಣ್ಣು ಕಳೆದದ್ದು ಅದರ ಅಕ್ಕಪಕ್ಕದಲ್ಲಿವೆ.

ಈ ಮೂರು ನಿದರ್ಶನಗಳಲ್ಲಿಯೂ ಹೊಡೆದವನು ಅರಸ ಅಥವಾ ಸೇನಾಪತಿ, ಹೊಡೆತ ತಿಂದವಳು ರಾಣಿ, ಗಣಿಕೆ, ನಟಿ. ಸತ್ತವಳ ಅಥವಾ ಕಣ್ಣು ಕಳೆದುಕೊಂಡವಳ ಮಾತು ಎಲ್ಲಿಯೂ ಇಲ್ಲ. ವಾತ್ಸ್ಯಾಯನನಿಗೆ ಅದು ರಾಗದ ಅಂಧತೆಯಿಂದ ಆದ ಅವಘಡ: ಓಟಕ್ಕೆ ಬಿದ್ದ ಕುದುರೆ ದಾರಿಯ ಗುಂಡಿಗಳನ್ನು ಕಾಣದಂತೆ ರಾಗಕ್ಕೆ ಬಿದ್ದವರು ಅಪಾಯವನ್ನು ಕಾಣರೆಂದು ಹೇಳಿ, ಸಂಗಾತಿಯ ಮೃದುತ್ವವನ್ನೂ ಬಲವನ್ನೂ ತನ್ನ ಬಲವನ್ನೂ ಮೊದಲೇ ತಿಳಿದು ನಡೆಯಬೇಕೆಂದು ಅವನು ಪುರುಷನನ್ನು ಎಚ್ಚರಿಸುತ್ತಾನೆ. ಎಚ್ಚರಿಕೆ ಸರಿಯಾದುದೇ, ಆದರೆ ಮಿತಿಯನ್ನು ಗೊತ್ತುಮಾಡುವ ಹೊಣೆ ಹೊಡೆಯುವವನ ತಿಳಿವಳಿಕೆಯಲ್ಲಿಯೇ ಉಳಿಯಿತು, ಹೊಡೆಸಿಕೊಳ್ಳುವವಳ ಬಾಯಿಗೆ ಬರಲಿಲ್ಲ.

ಬರಲಿಲ್ಲವೆನ್ನುವುದಕ್ಕಿಂತ, ಬಂದದ್ದು ಕೇಳಿಸದೆ ಹೋಯಿತೆನ್ನುವುದು ಹೆಚ್ಚು ನಿಖರ. ಸೀತ್ಕಾರದ ಪಟ್ಟಿಯಲ್ಲಿ ಪಾರಿವಾಳ, ಕೋಗಿಲೆ, ಜೇನುನೊಣಗಳ ದನಿಗಳ ಜೊತೆಗೆ ಅಮ್ಮಾ ಎಂಬ ಅರ್ಥದ, ಬೇಡ ಎಂಬ ಅರ್ಥದ, ಬಿಡು ಎಂಬ ಅರ್ಥದ, ಸಾಕು ಎಂಬ ಅರ್ಥದ ಮಾತುಗಳನ್ನೂ ಆ ಅಧ್ಯಾಯ ಸೇರಿಸುತ್ತದೆ, ಅಂದರೆ ಅವು ಕೂಡ ರಾಗದ ನಾದಗಳೇ ಎಂದು ಎಣಿಸುತ್ತದೆ. ಆಟದೊಳಗೆ ಬೇಡವೆಂಬುದು ಬೇಕೆಂಬುದರ ಒಂದು ರೂಪವಾಗಿರುವುದು ಸಾಧ್ಯವೆಂಬುದನ್ನು ಅಲ್ಲಗಳೆಯಲಾಗದು, ಶಿಸ್ತುಸಂಬಂಧದಲ್ಲಿರುವವರು ಇದನ್ನು ಚೆನ್ನಾಗಿ ಬಲ್ಲರು. ಆದರೆ ಸಾಕೆಂಬ ಮಾತೇ ಶೃಂಗಾರದ ನಾದವಾಗಿಬಿಟ್ಟರೆ ನಿಜವಾಗಿ ಸಾಕಾದವರು ಯಾವ ಮಾತನ್ನು ಆಡಬೇಕು? ಮಲಯವತಿ ಸಾಯುವ ಮೊದಲು ಸಾಕೆಂದು ಕೂಗಿದ್ದರೂ ಶಾಸ್ತ್ರ ಓದಿದ ದೊರೆಗೆ ಅದು ಸೀತ್ಕಾರವಾಗಿ ಕೇಳಿಸಿರಬಹುದಾದ ಸಾಧ್ಯತೆಯನ್ನು ಈ ಗ್ರಂಥ ತೆರೆದೇ ಇಡುತ್ತದೆ. ಈಗಿನವರು ಸೇಫ್ ವರ್ಡ್ ಎಂದು ಕರೆಯುವುದು, ಅಂದರೆ ಆಟದ ಸಂದರ್ಭಕ್ಕೆ ಏನೇನೂ ಹೊಂದದ ಒಂದು ಮಾತನ್ನು ಮೊದಲೇ ಗೊತ್ತುಮಾಡಿಕೊಂಡು ಅದನ್ನು ಆಡಿದ ಕ್ಷಣವೇ ಎಲ್ಲವನ್ನೂ ನಿಲ್ಲಿಸುವ ಕಟ್ಟಳೆ, ಸರಿಯಾಗಿ ಈ ಹಳೆಯ ಕೊರತೆಯನ್ನು ತುಂಬುತ್ತದೆ. ಬಾಯಿಗೆ ಬಟ್ಟೆ ಕಟ್ಟಿದಾಗ ಕೈಯಲ್ಲಿ ಹಿಡಿದ ವಸ್ತುವನ್ನು ಕೆಳಗೆ ಬಿಡುವುದೇ ಆ ಮಾತಿನ ಕೆಲಸ ಮಾಡುತ್ತದೆ.  

ಹೊಡೆತಕ್ಕೂ ಮೋಹಕ್ಕೂ ಇರುವ ನಂಟನ್ನು ಕನ್ನಡ ಕಾವ್ಯ ಅತ್ಯಂತ ನಿರ್ದಾಕ್ಷಿಣ್ಯವಾಗಿ ಕಂಡದ್ದು ಜನ್ನನ ಯಶೋಧರಚರಿತೆಯಲ್ಲಿ. 1209ರ ಈ ಕಾವ್ಯದಲ್ಲಿ ರಾಣಿ ಅಮೃತಮತಿ ವಿಕಾರರೂಪದ ಮಾವುತ ಅಷ್ಟಾವಂಕನಿಗೆ ಒಲಿದು ರಾತ್ರಿ ಅವನಲ್ಲಿಗೆ ಹೋಗುತ್ತಾಳೆ, ತಡವಾಯಿತೆಂದು ಅವನು ಹೊಡೆಯುತ್ತಾನೆ, ಅವಳು ಅವನನ್ನೇ ಓಲೈಸುತ್ತಾಳೆ, ಗಂಡ ಯಶೋಧರ ಮರೆಯಲ್ಲಿ ನಿಂತು ಇದನ್ನು ಕಾಣುತ್ತಾನೆ. ಇಂದಿನ ಓದುಗರು ಇದನ್ನು ಅಧೀನತೆಯ ಸುಖದ ಚಿತ್ರವೆಂದು ಎತ್ತಿಕೊಳ್ಳುವ ಅವಸರ ಮಾಡಬಾರದು. ಮಾವುತನ ಸಿಟ್ಟು ನಿಜವಾದ ಸಿಟ್ಟು, ಅದಕ್ಕೆ ಇಂತಿಷ್ಟೆಂಬ ಕರಾರಿಲ್ಲ, ಅವಳಿಗೆ ತಡೆಯುವ ಮಾತಿಲ್ಲ. ಜನ್ನನ ಗುರಿಯಂತೂ ಮೋಹದ ಕೇಡನ್ನು ತೋರಿ ಜೈನ ವೈರಾಗ್ಯದತ್ತ ಓದುಗರನ್ನು ಒಯ್ಯುವುದು. ಆದರೂ ಅಂತಸ್ತಿನ ತುದಿಯಲ್ಲಿರುವ ರಾಣಿ ಅದನ್ನು ಕಳಚಿಟ್ಟು ಲಾಯದ ಆಳಿನ ಮುಂದೆ ಬಾಗಲು ಬಯಸಬಹುದೆಂಬ ತಿಳಿವು ಅಲ್ಲಿದೆ, ಮತ್ತು ಆ ತಿಳಿವು ನೀತಿಯ ತೀರ್ಪಿಗಿಂತ ಹೆಚ್ಚು ಕಾಲ ಓದುಗರ ಮನಸ್ಸಿನಲ್ಲಿ ಉಳಿದಿದೆ.

ಕರಾರಿನ ವಿಚಾರಕ್ಕೆ ಬಂದರೆ ಜನ್ನನಿಗಿಂತ ಹರಿಹರ ಹೆಚ್ಚು ನೆರವಾಗುತ್ತಾನೆ. ಅವನ ಮಹಾದೇವಿಯಕ್ಕನ ರಗಳೆಯ ಪ್ರಕಾರ ಉಡುತಡಿಯ ಅರಸ ಕೌಶಿಕ ಮಹಾದೇವಿಯನ್ನು ಬಯಸಿ ತಂದೆತಾಯಿಗಳ ಮೇಲೆ ಬೆದರಿಕೆ ಹಾಕಿಸುತ್ತಾನೆ. ಅವರ ಪ್ರಾಣಕ್ಕಾಗಿ ಅವಳು ಅವನನ್ನು ಮದುವೆಯಾಗಿ ಅರಮನೆಗೆ ಹೋಗಲು ಒಪ್ಪುತ್ತಾಳೆ, ಆದರೆ ಬರಿದೆ ಒಪ್ಪುವುದಿಲ್ಲ. ತನ್ನ ಇಚ್ಛೆಯಂತೆ ಲಿಂಗಪೂಜೆ, ತನ್ನ ಇಚ್ಛೆಯಂತೆ ಮಾಹೇಶ್ವರರ ಸಂಗ, ತನ್ನ ಇಚ್ಛೆಯಂತೆ ಗುರುಸೇವೆ ನಡೆಯಬೇಕು, ಇವುಗಳಲ್ಲಿ ಮೂರು ತಪ್ಪುಗಳನ್ನು ಸೈರಿಸುವುದಾಗಿ, ಆಮೇಲೆ ನಿಲ್ಲುವುದಿಲ್ಲವೆಂದು ಮೊದಲೇ ಸಾರುತ್ತಾಳೆ. ಅರಸ ಒಪ್ಪುತ್ತಾನೆ, ಮೂರು ಸಲ ತಪ್ಪುತ್ತಾನೆ, ಅವಳು ಅರಮನೆಯ ಉಡುಗೆಯನ್ನೂ ಅಲ್ಲೇ ಬಿಟ್ಟು ಹೊರಡುತ್ತಾಳೆ. ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಈ ಮದುವೆಯೇ ನಡೆಯುವುದಿಲ್ಲ ಎಂಬ ಕಾರಣಕ್ಕೆ ವಿದ್ವಾಂಸರು ಹರಿಹರನ ಕಥನದ ಬಗ್ಗೆ ಬಹಳ ವಾದ ಮಾಡಿದ್ದಾರೆ; ಇಲ್ಲಿಗೆ ಪ್ರಸ್ತುತವಾದುದು ಮದುವೆ ಆಯಿತೋ ಇಲ್ಲವೋ ಎಂಬುದಲ್ಲ, ಕನ್ನಡದ ಕವಿಯೊಬ್ಬ ಒಪ್ಪಿಗೆಯನ್ನು ಷರತ್ತು, ಎಣಿಕೆ ಮತ್ತು ನಿರ್ಗಮನದ ಹಕ್ಕು ಈ ಮೂರನ್ನೂ ಸೇರಿಸಿ ಕಲ್ಪಿಸಿಕೊಂಡಿದ್ದ ಎಂಬುದು. ಬೆದರಿಕೆಯ ಕೆಳಗೆ ಕೊಟ್ಟ ಒಪ್ಪಿಗೆ ಒಪ್ಪಿಗೆಯೇ ಅಲ್ಲವಾದ್ದರಿಂದ ಮಹಾದೇವಿಯ ಪ್ರಸಂಗವನ್ನು ಸಮ್ಮತಿಯ ಮಾದರಿಯೆನ್ನಲಾಗದು, ಮಿತಿಯ ಮಾದರಿಯೆನ್ನಬಹುದು. ಬಲವಿಲ್ಲದವಳು ಬಲವಂತನ ಮನೆಯೊಳಗೂ ತನ್ನದೊಂದು ಗೆರೆ ಎಳೆದಳು, ದಾಟಿದಾಗ ಏನಾಗುತ್ತದೆಂಬುದನ್ನು ದಾಟುವ ಮೊದಲೇ ತಿಳಿಸಿದ್ದಳು.

ಯುರೋಪಿನಲ್ಲಿ ಇಂಥ ಕರಾರು ಬರಹದಲ್ಲಿ ಸಿಗುವುದು 19ನೆಯ ಶತಮಾನದಲ್ಲಿ. ಆಸ್ಟ್ರಿಯದ ಲೇಖಕ ಲಿಯೋಪೋಲ್ಡ್ ಫಾನ್ ಜಾಖರ್-ಮಾಸೊಖ್ 1869ರಲ್ಲಿ ಫ್ಯಾನಿ ಪಿಸ್ಟರ್ ಎಂಬ ಮಹಿಳೆಯೊಡನೆ ಸಹಿ ಹಾಕಿದ ಪತ್ರದ ಪ್ರಕಾರ ಆರು ತಿಂಗಳ ಕಾಲ ಅವನು ಅವಳ ಆಳು, ಆದರೆ ದಿನದಲ್ಲಿ ಆರು ಗಂಟೆ ಅವನ ಕೆಲಸಕ್ಕೆ ಬಿಟ್ಟದ್ದು. ಅವನ ಹೆಸರಿನಿಂದಲೇ ಜರ್ಮನ್ ಮನೋವೈದ್ಯ ಕ್ರಾಫ್ಟ್-ಎಬಿಂಗ್ ಮಾಸೋಕಿಸಂ ಎಂಬ ಪದವನ್ನು ಕಟ್ಟಿ, ನೋವಿನಲ್ಲಿ ಸುಖ ಕಾಣುವುದನ್ನು ರೋಗಗಳ ಸಾಲಿಗೆ ಸೇರಿಸಿದ. ಲೇಖಕ ತನ್ನ ಗುಲಾಮಗಿರಿಗೆ ಅವಧಿಯನ್ನೂ ಬಿಡುವನ್ನೂ ತಾನೇ ಬರೆದುಕೊಂಡಿದ್ದ ಎಂಬ ಅಂಶ ಆ ರೋಗನಿದಾನದಲ್ಲಿ ಗೌಣವಾಗಿಬಿಟ್ಟಿತು. ಗುಲಾಮನೇ ಬರೆದ ಗುಲಾಮಗಿರಿ ಒಂದು ಬಗೆಯ ನಾಟಕ. ಅದನ್ನು ಅರಿಯಲು ಈ ಸೀಮೆಯವರಿಗೆ ಮನೋವೈದ್ಯರು ಬೇಕಿಲ್ಲ, ಶ್ರೀಕೃಷ್ಣ ಪಾರಿಜಾತದ ಬಯಲಾಟ ಸಾಕು. ಪಾರಿಜಾತದ ಹೂವನ್ನು ರುಕ್ಮಿಣಿಗೆ ಕೊಟ್ಟ ತಪ್ಪಿಗೆ ಸತ್ಯಭಾಮೆಯ ಮುನಿಸಿನ ಮುಂದೆ ಜಗದೊಡೆಯ ಬಾಗಿ ನಿಂತಾಗ ಬೆಳತನಕ ಕೂತ ಜನ ನಗುತ್ತಾರೆಯೇ ಹೊರತು ದೇವರ ಮಾನ ಹೋಯಿತೆಂದು ಎದ್ದುಹೋಗುವುದಿಲ್ಲ, ಏಕೆಂದರೆ ಬಾಗಿದವನು ಯಾವಾಗ ಬೇಕಾದರೂ ಏಳಬಲ್ಲನೆಂಬುದು ಎಲ್ಲರಿಗೂ ಗೊತ್ತಿರುತ್ತದೆ.

ವಿಧಿಯ ಕೆಲಸ ಇಲ್ಲಿಯೇ ಇದೆ. ಶಿಸ್ತುಸಂಬಂಧದಲ್ಲಿರುವವರು ಒಂದು ನಿರ್ದಿಷ್ಟ ಸಂಬೋಧನೆ, ಮಂಡಿಯೂರುವ ಕ್ರಮ, ಕೊರಳಿಗೆ ಕಟ್ಟುವ ಪಟ್ಟಿ ಇಂಥ ಚಿಹ್ನೆಗಳಿಂದ ಅಧಿಕಾರದ ಹೊತ್ತನ್ನು ಉಳಿದ ಹೊತ್ತಿನಿಂದ ಬೇರ್ಪಡಿಸುತ್ತಾರೆ. ಪಟ್ಟಿ ಕಟ್ಟಿದಾಗ ಒಂದು ನಡವಳಿಕೆ, ಬಿಚ್ಚಿದಾಗ ಇನ್ನೊಂದು. ಗ್ರೆಗರಿ ಬೇಟ್ಸನ್ ಎಂಬ ಮಾನವಶಾಸ್ತ್ರಜ್ಞ 1955ರ ಪ್ರಬಂಧವೊಂದರಲ್ಲಿ, ಆಡುವ ಪ್ರಾಣಿಗಳು ಒಂದನ್ನೊಂದು ಕಚ್ಚುವಾಗಲೂ ಇದು ಆಟವೆಂಬ ಸೂಚನೆಯನ್ನು ಜೊತೆಗೆ ಕೊಡುತ್ತಿರುತ್ತವೆ ಎಂದು ತೋರಿಸಿದ. ಮನುಷ್ಯರಲ್ಲಿ ಆ ಸೂಚನೆಯನ್ನು ವಿಧಿ ಕೊಡುತ್ತದೆ, ಮತ್ತು ಸೂಚನೆ ಸ್ಪಷ್ಟವಿದ್ದಷ್ಟೂ ಒಳಗೆ ಹೆಚ್ಚು ದೂರ ಹೋಗುವ ಧೈರ್ಯ ಬರುತ್ತದೆ. ನಂಬಿಕೆ ಎಂಬುದು ಇಲ್ಲಿ ಮೊದಲೇ ಇರುವ ಭಾವವಲ್ಲ. ಸಣ್ಣ ಮಿತಿಯೊಂದನ್ನು ಇಟ್ಟು, ಅದನ್ನು ಇನ್ನೊಬ್ಬರು ಕಾಪಾಡಿದ್ದನ್ನು ಕಂಡು, ಆಮೇಲೆ ಸ್ವಲ್ಪ ಸಡಿಲಿಸುತ್ತ ಹೋದಾಗ ಕೂಡಿಬರುವ ದಾಖಲೆ.

ಆದರೆ ಕೊರಳಿಗೆ ಕಟ್ಟುವ ವಿಧಿಯೆಂದ ಕೂಡಲೇ ಈ ಸೀಮೆಯಲ್ಲಿ ನೆನಪಾಗಬೇಕಾದುದು ಬೇರೆಯದೇ ಇದೆ. ಸವದತ್ತಿಯ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟುವುದು, ಅಂದರೆ ಮಣಿಸರವನ್ನು ಕೊರಳಿಗೆ ಹಾಕಿ ಹೆಣ್ಣನ್ನು ದೇವದಾಸಿಯಾಗಿ ಬಿಡುವುದು, ಬಾಗಲಕೋಟೆ, ಬೆಳಗಾವಿ, ವಿಜಯಪುರದ ಕಡೆಗಳಲ್ಲಿ ಹೆಚ್ಚಾಗಿ ದಲಿತ ಮನೆಗಳ ಹುಡುಗಿಯರ ಮೇಲೆ ನಡೆದುಬಂದ ಪದ್ಧತಿ. ಅದಕ್ಕೂ ಸ್ನಾನವಿದೆ, ಹಸಿರು ಸೀರೆಯಿದೆ, ಮಂತ್ರವಿದೆ, ಸಾಕ್ಷಿಗಳಿದ್ದಾರೆ. ವಿಧಿಯ ಸೊಬಗಿನಲ್ಲಿ ಯಾವ ಕೊರತೆಯೂ ಇಲ್ಲ. ಇಲ್ಲದ್ದು ಎರಡು: ಕಟ್ಟಿಸಿಕೊಳ್ಳುವವಳಿಗೆ ಅರಿವಿನ ವಯಸ್ಸು, ಕಟ್ಟಿದ್ದನ್ನು ಬಿಚ್ಚುವ ದಾರಿ. ವಿಧಿ ತಾನಾಗಿಯೇ ಯಾರನ್ನೂ ಕಾಯುವುದಿಲ್ಲ, ಒಳಗೆ ತರುವ ವಿಧಿಗೆ ಹೊರಗೆ ಬಿಡುವ ಜೋಡಿ ಇಲ್ಲದಿದ್ದರೆ ಅದೇ ಬೀಗವಾಗುತ್ತದೆ ಎಂಬುದನ್ನು ಜಗತ್ತಿಗೆ ತೋರಿಸಲು ಈ ಸೀಮೆಗಿಂತ ಬೇರೆ ಸ್ಥಳ ಹುಡುಕಬೇಕಿಲ್ಲ. 1982ರ ಕರ್ನಾಟಕ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ, ಸಮರ್ಪಿತಳಾದವಳು ಒಪ್ಪಿದ್ದರೂ ಒಪ್ಪದಿದ್ದರೂ ಸಮರ್ಪಣೆ ಅನೂರ್ಜಿತವೆಂದು ಸಾರಿತು. ಬಡತನ, ಜಾತಿ, ದೇವರ ಭಯ ಮೂರೂ ಕೂಡಿ ಹುಟ್ಟಿಸಿದ ಒಪ್ಪಿಗೆಯನ್ನು ಶಾಸನ ಒಪ್ಪಿಗೆಯೆಂದು ಗಣಿಸಲಿಲ್ಲ. ಸಮ್ಮತಿಯೊಂದಿದ್ದರೆ ಎಲ್ಲವೂ ಸರಿಯೆಂದು ವಾದಿಸುವ ನಗರದ ಉತ್ಸಾಹಿಗಳು ಈ ಕಾಯ್ದೆಯನ್ನು ಒಮ್ಮೆ ಓದುವುದು ಒಳ್ಳೆಯದು.

ಶಿಸ್ತುಸಂಬಂಧದಲ್ಲಿರುವವರು ಈ ಆಕ್ಷೇಪವನ್ನು ಅರಿಯದವರೇನಲ್ಲ. ಸುರಕ್ಷಿತವಾಗಿರಬೇಕು, ಸ್ವಸ್ಥಬುದ್ಧಿಯಿಂದಿರಬೇಕು, ಸಮ್ಮತಿಯದಾಗಿರಬೇಕು ಎಂಬ ಸೂತ್ರ 1983ರಲ್ಲಿ ನ್ಯೂಯಾರ್ಕಿನಲ್ಲಿ ರೂಪುಗೊಂಡಿತು. ಪೂರ್ಣ ಸುರಕ್ಷಿತವಾದುದು ಯಾವುದೂ ಇಲ್ಲವೆಂದು ಕಂಡ ಮೇಲೆ ಅಪಾಯವನ್ನು ಅರಿತು ಒಪ್ಪುವುದೆಂಬ ಇನ್ನೊಂದು ಸೂತ್ರ ಬಂತು. ಆಟಕ್ಕೆ ಮೊದಲು ಇಬ್ಬರೂ ಸಮಾನರಾಗಿ ಕೂತು ಏನು ಸಲ್ಲುತ್ತದೆ, ಏನು ಎಂದಿಗೂ ಸಲ್ಲದು ಎಂದು ಮಾತಾಡುವುದು, ಕುಡಿದವರ ಒಪ್ಪಿಗೆಯನ್ನು ಒಪ್ಪಿಗೆಯೆಂದು ಎಣಿಸದಿರುವುದು, ಕೊರಳನ್ನು ಅದುಮುವಂಥ ಪ್ರಾಣಾಪಾಯದ ಕ್ರಿಯೆಗಳಿಂದ ದೂರವಿರುವುದು, ಮುಗಿದ ಮೇಲೆ ನೀರು, ಹೊದಿಕೆ, ಸಾಂತ್ವನ ಕೊಟ್ಟು ಮನಸ್ಸು ಸ್ಥಿಮಿತಕ್ಕೆ ಬರುವ ತನಕ ಜೊತೆಗಿರುವುದು, ಇವು ಬಲ್ಲವರು ಪಾಲಿಸುವ ಕ್ರಮಗಳು. ಕೊನೆಯದನ್ನು ಆಫ್ಟರ್ ಕೇರ್ ಎನ್ನುತ್ತಾರೆ. ವೈದ್ಯಲೋಕವೂ ತನ್ನ ಹಳೆಯ ನಿಲುವನ್ನು ಬಿಟ್ಟಿದೆ: 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ 11ನೆಯ ಆವೃತ್ತಿಯಲ್ಲಿ ಸಮ್ಮತಿಯ ನೋವಿನ ಸುಖಕ್ಕೆ ರೋಗದ ಸ್ಥಾನವಿಲ್ಲ, ಒಪ್ಪದವರಿಗೆ ನೋವು ಕೊಟ್ಟು ಪಡೆಯುವ ಸುಖ ಮಾತ್ರ ಉಳಿದಿದೆ.

ಕಾನೂನಿನ ನೆಲೆ ಇಷ್ಟು ತಿಳಿಯಾಗಿಲ್ಲ. ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ 1993ರಲ್ಲಿ, ಒಪ್ಪಿ ನೋವು ಕೊಟ್ಟುಕೊಂಡ ಪುರುಷರ ಗುಂಪೊಂದರ ಶಿಕ್ಷೆಯನ್ನು ಇಬ್ಬರು ನ್ಯಾಯಾಧೀಶರ ವಿರೋಧದ ನಡುವೆ ಮೂವರ ಬಹುಮತದಿಂದ ಎತ್ತಿಹಿಡಿಯಿತು, 1997ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವೂ ಅದರಲ್ಲಿ ಕೈಹಾಕಲಿಲ್ಲ. ಭಾರತದಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 25ನೆಯ ಪ್ರಕರಣ, ಹಳೆಯ ದಂಡಸಂಹಿತೆಯ 87ನೆಯ ಪ್ರಕರಣದಂತೆಯೇ, 18 ವರ್ಷ ಮೀರಿದವರು ಒಪ್ಪಿ ಅನುಭವಿಸಿದ ಹಾನಿ ಸಾವನ್ನಾಗಲಿ ತೀವ್ರ ಗಾಯವನ್ನಾಗಲಿ ಉದ್ದೇಶಿಸಿರದಿದ್ದರೆ, ಅಂಥದಾಗಬಹುದೆಂಬ ಅರಿವೂ ಇರದಿದ್ದರೆ, ಅಪರಾಧವಲ್ಲವೆನ್ನುತ್ತದೆ. ಅದಕ್ಕೆ ಕೊಟ್ಟ ಉದಾಹರಣೆ ವಿನೋದಕ್ಕಾಗಿ ಕತ್ತಿವರಸೆ ಆಡುವ ಇಬ್ಬರದು, ಅಂದರೆ ಗರಡಿಗೆ ಸಮೀಪದ್ದು. ಭಯದಿಂದಲೋ ತಪ್ಪು ತಿಳಿವಳಿಕೆಯಿಂದಲೋ ಕೊಟ್ಟ ಸಮ್ಮತಿ ಸಮ್ಮತಿಯಲ್ಲವೆಂದು 28ನೆಯ ಪ್ರಕರಣ ಹೇಳುತ್ತದೆ. ಕೌಶಿಕನ ಅರಮನೆಗೆ ಅದು ನೇರವಾಗಿ ಅನ್ವಯಿಸುತ್ತಿತ್ತು. ಸುಪ್ರೀಂ ಕೋರ್ಟಿನ 2017ರ ಪುಟ್ಟಸ್ವಾಮಿ ತೀರ್ಪಿನಲ್ಲಿ ಖಾಸಗಿತನ ಮೂಲಭೂತ ಹಕ್ಕೆನಿಸಿತು, 2018ರ ಸೆಪ್ಟೆಂಬರ್ 6ರ ನವತೇಜ್ ಸಿಂಗ್ ಜೋಹರ್ ತೀರ್ಪು ಒಪ್ಪಿದ ವಯಸ್ಕರ ಖಾಸಗಿ ಕಾಮವನ್ನು ಹಳೆಯ ದಂಡಸಂಹಿತೆಯ 377ನೆಯ ಪ್ರಕರಣದ ಅಪರಾಧದಿಂದ ಬಿಡಿಸಿತು.

ತೊಡಕು ಉಳಿದಿರುವುದು ಮದುವೆಯೊಳಗೆ. ನ್ಯಾಯ ಸಂಹಿತೆಯ 63ನೆಯ ಪ್ರಕರಣದ ಎರಡನೆಯ ವಿನಾಯಿತಿಯಂತೆ 18 ವರ್ಷ ತುಂಬಿದ ಹೆಂಡತಿಯೊಡನೆ ಗಂಡ ನಡೆಸುವ ಸಂಭೋಗ ಅವಳು ಬೇಡವೆಂದರೂ ಅತ್ಯಾಚಾರವೆನಿಸುವುದಿಲ್ಲ. ಹೆಂಡತಿಯನ್ನು ಕಾಮದ ಗುಲಾಮಳಂತೆ ನಡೆಸಿಕೊಂಡನೆಂಬ ಆರೋಪ ಹೊತ್ತ ಗಂಡನೊಬ್ಬ, ಹಿಂದಿನ ದಂಡಸಂಹಿತೆಯ ಇದೇ ವಿನಾಯಿತಿಯನ್ನು ಮುಂದೊಡ್ಡಿದಾಗ ಕರ್ನಾಟಕ ಹೈಕೋರ್ಟ್ 2022ರ ಮಾರ್ಚ್ 23ರಂದು ಆರೋಪವನ್ನು ರದ್ದುಪಡಿಸಲು ನಿರಾಕರಿಸಿತು, ಗಂಡನಾದವನಿಗೂ ಕಾನೂನಿನಿಂದ ವಿಶೇಷ ರಕ್ಷಣೆ ಸಲ್ಲದೆಂದಿತು; ಅದೇ ವರ್ಷದ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಲೈಂಗಿಕ ಹಿಂಸೆಯನ್ನು ಹೆಸರಿಸಿ ರಕ್ಷಣೆ ಒದಗಿಸುತ್ತದೆಯಾದರೂ ಅತ್ಯಾಚಾರದ ದಂಡನೆಯನ್ನು ತರುವುದಿಲ್ಲ. ಆದ್ದರಿಂದ ಸಮಾನರಾಗಿ ಕೂತು ಕರಾರು ಮಾಡಿಕೊಂಡ ದಂಪತಿಯಲ್ಲಿಯೂ, ಅಧೀನಳಾದ ಹೆಂಡತಿ ಆಡುವ ನಿಲುಗಡೆಯ ಮಾತು ಸದ್ಯಕ್ಕೆ ಬಹುಮಟ್ಟಿಗೆ ಗಂಡನ ಪ್ರಾಮಾಣಿಕತೆಯ ಮೇಲೆ ನಿಂತಿದೆ, ಮತ್ತು ತವರಿಗೆ ಮರಳಲು ಬಸ್ ಚಾರ್ಜಿಗೂ ಅವನನ್ನೇ ಕೇಳಬೇಕಾದವಳಿಗೆ ಆ ಮಾತನ್ನು ಆಡುವುದೇ ಬೇರೆ ಲೆಕ್ಕ.